ಮಗಳನ್ನು ಒಂದು ಮಾತು ಕೇಳಿ



ಅಕ್ಟೋಬರ್ ನಮಗೆಲ್ಲ ಜಪಮಾಲೆಯ ತಿಂಗಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಿಗೆ ಅದು ರಾಣಿ ಚೆನ್ನಮ್ಮನ ತಿಂಗಳೂ ಹೌದು. 23ರಿಂದ ಮೂರು ದಿನ ಕಿತ್ತೂರಿನಲ್ಲಿ ಉತ್ಸವ. ಶಾಲೆಗಳಲ್ಲಿ ಪುಟ್ಟ ಹುಡುಗಿಯರು ಕಾಗದದ ಕಿರೀಟ ಇಟ್ಟುಕೊಂಡು, ರಟ್ಟಿನ ಕತ್ತಿ ಹಿಡಿದು, ಕಪ್ಪ ಕೇಳಲು ಬಂದ ಪರಂಗಿಯವನಿಗೆ ಎದುರುತ್ತರ ಕೊಡುವ ದಿನಗಳು.

ಅಂಥ ಒಂದು ಸಂಜೆ ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಒಂದು ಮನೆಗೆ ಜಪಮಾಲೆಯ ಪ್ರಾರ್ಥನೆಗೆಂದು ಹೋಗಿದ್ದೆ. ಮನೆಮಂದಿ, ಅಕ್ಕಪಕ್ಕದವರು ಎಲ್ಲರೂ ಟಿ.ವಿ. ಮುಂದೆ ಕುಳಿತಿದ್ದರು. ಬಿ. ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರ ನಡೆಯುತ್ತಿತ್ತು. ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜ ದೇಸಾಯಿಯಾಗಿ ನಟಿಸಿದ, ನಮ್ಮ ತಾಯಂದಿರು ಮತ್ತೆ ಮತ್ತೆ ನೋಡಿ ಕಣ್ಣೊರೆಸಿಕೊಂಡ ಚಿತ್ರ. ನನ್ನನ್ನು ಕಂಡು ಎಲ್ಲರೂ ಎದ್ದರು. ಮನೆಯ ಹಿರಿಯ ಅಜ್ಜಿ ಮಾತ್ರ ಕುಳಿತಲ್ಲಿಂದಲೇ ಕೈಮುಗಿದು, “ಫಾದರ್, ಒಂದೀಟು ತಡೀರಿ. ಥ್ಯಾಕರೆ ಬರೂ ಹೊತ್ತಾತು” ಎಂದರು. ನಾನೂ ನಕ್ಕು ಕುಳಿತುಕೊಂಡೆ.

ಚಿತ್ರ ಮುಗಿಯಿತು. ಜಪಮಾಲೆ ತೆಗೆಯುವ ಮುಂಚೆ ಅಜ್ಜಿ ಒಂದು ಮಾತು ಹೇಳಿದರು: “ಆಕಿ ರಾಣಿ ಇದ್ಲು, ಆಕಿ ಮಾತು ನಡೀತು. ನಮ್ಮನ್ನ ಯಾರು ಕೇಳ್ಯಾರ್ರಿ, ಫಾದರ್? ಗಂಡು ನೋಡೂದಕ್ಕೂ ಕೇಳಲಿಲ್ಲ, ಹೊಲಾ ಮಾರೂದಕ್ಕೂ ಕೇಳಲಿಲ್ಲ.”

ಅಲ್ಲಿದ್ದ ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ. ಆ ದಿನ ಸಂತೋಷದ ರಹಸ್ಯಗಳ ಸರದಿ. ಮೊದಲನೆಯ ರಹಸ್ಯ ಯಾವುದೆಂದು ನಿಮಗೆ ಗೊತ್ತು: ದೇವದೂತ ಗಬ್ರಿಯೇಲ ಮರಿಯಮ್ಮನವರ ಬಳಿಗೆ ಬಂದ ಸಂಗತಿ. ಬಾಯಿ ಪ್ರಾರ್ಥನೆ ಹೇಳುತ್ತಿತ್ತು. ಮನಸ್ಸಿನಲ್ಲಿ ಮಾತ್ರ ಅಜ್ಜಿಯ ಮಾತು ಸುತ್ತುತ್ತಿತ್ತು: ನಮ್ಮನ್ನು ಯಾರು ಕೇಳಿದ್ದಾರೆ? ಈ ಒಂದು ಪ್ರಶ್ನೆಯನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಒಬ್ಬ ವಿಧವೆ ಮತ್ತು ಒಂದು ಮೊಹರು

ಚಿತ್ರದಲ್ಲಿ ಯುದ್ಧ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ಯುದ್ಧ ಯಾವುದರಿಂದ ಹುಟ್ಟಿತು? ಒಂದು ಮನೆಯ ವಿಷಯದಿಂದ.

ಚೆನ್ನಮ್ಮ 1778ರಲ್ಲಿ ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ ಹುಟ್ಟಿದವಳು. ಮಲ್ಲಸರ್ಜ ದೇಸಾಯಿಗೆ ಎರಡನೆಯ ಹೆಂಡತಿಯಾಗಿ ಕಿತ್ತೂರಿಗೆ ಬಂದಳು. ಹಿರಿಯ ರಾಣಿ ರುದ್ರಮ್ಮ. ಚೆನ್ನಮ್ಮನ ಸ್ವಂತ ಮಗ ಉಳಿಯಲಿಲ್ಲ. 1816ರಲ್ಲಿ ಗಂಡ ತೀರಿಕೊಂಡ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. 1824ರ ಸೆಪ್ಟೆಂಬರಿನಲ್ಲಿ ಅವನೂ ಮಕ್ಕಳಿಲ್ಲದೆ ತೀರಿಹೋದ. ಮನೆತನ ಉಳಿಯಲೆಂದು ಮಾಸ್ತಮರಡಿಯ ಗೌಡರ ಮಗನನ್ನು ದತ್ತು ತೆಗೆದುಕೊಂಡರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತು ಒಪ್ಪಲಿಲ್ಲ. ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿದ, ಕಾವಲು ಇಟ್ಟ.

ವಿಧವೆಯೊಬ್ಬಳು ತನ್ನ ಮನೆಗೆ ಯಾರು ಮಗನಾಗಬೇಕೆಂದು ತೀರ್ಮಾನಿಸಿದಳು. ಅದನ್ನು ತೀರ್ಮಾನಿಸಲು ನೀನು ಯಾರು ಎಂದು ಹೊರಗಿನವನೊಬ್ಬ ಕೇಳಿದ. ಇಷ್ಟೇ ಮೂಲ. ಉಳಿದದ್ದೆಲ್ಲ ಆಮೇಲಿನದು.

1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಿತು, ಥ್ಯಾಕರೆ ಸತ್ತ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ರಾಣಿ ಅವರ ಜೀವಕ್ಕೆ ಅಪಾಯ ಮಾಡಲಿಲ್ಲ, ಕೊನೆಗೆ ಬಿಟ್ಟುಕೊಟ್ಟಳು. ಆ ವಾಲ್ಟರ್ ಎಲಿಯಟ್ ಬದುಕಿ ಉಳಿದು, ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ಪ್ರತಿಮಾಡಿಸಿ ಕೂಡಿಟ್ಟ. ಶತ್ರುವನ್ನು ಪ್ರೀತಿಸಿರೆಂಬ ಯೇಸುಸ್ವಾಮಿಯ ಬೋಧನೆಯನ್ನು ದಿನವೂ ಕೇಳುವ ನಾವು ಇದನ್ನು ಗಮನಿಸಬೇಕು.

ಚೆನ್ನಮ್ಮ ಗೆಲ್ಲಲಿಲ್ಲ ಎಂಬುದನ್ನೂ ಮರೆಯಬಾರದು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂತು. ಆ ಸೈನ್ಯದಲ್ಲಿ ಬಂದೂಕು ಹೊತ್ತವರಲ್ಲಿ ಬಹುಪಾಲು ಈ ದೇಶದವರೇ. ಕೋಟೆಯ ಒಳಗೂ ಶತ್ರುವಿಗೆ ಸಹಾಯ ಮಾಡಿದವರು ಇದ್ದರೆಂದು ನಮ್ಮ ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಕೋಟೆ ಬಿತ್ತು. ರಾಣಿಯನ್ನೂ ಮನೆಯ ಸೊಸೆಯಂದಿರನ್ನೂ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ನಾಲ್ಕು ವರ್ಷ ಸೆರೆಯಲ್ಲಿದ್ದು, 1829ರ ಫೆಬ್ರುವರಿಯಲ್ಲಿ ಅಲ್ಲೇ ಕಣ್ಣು ಮುಚ್ಚಿದಳು. ಅವಳ ಸಮಾಧಿ ಇಂದಿಗೂ ಬೈಲಹೊಂಗಲದಲ್ಲಿದೆ. ತನ್ನ ಮಾತನ್ನು ತಾನೇ ಆಡಿದವಳಿಗೆ ಸುಖ ಸಿಕ್ಕಿತೆಂದು ನಾನು ಹೇಳುತ್ತಿಲ್ಲ. ಆದರೆ ಆ ಮಾತು ಅವಳದೇ ಆಗಿತ್ತು. ಅದಕ್ಕಾಗಿಯೇ ಇನ್ನೂರು ವರ್ಷ ಕಳೆದರೂ ಸಾಲಹಳ್ಳಿಯ ಅಜ್ಜಿ ಅವಳನ್ನು ನೋಡಲು ಜಪಮಾಲೆಯನ್ನು ಸ್ವಲ್ಪ ಹೊತ್ತು ತಡೆದಳು.

ಬೆತೂಲಿಯದ ಹಿರಿಯರು

ನಮ್ಮ ಪವಿತ್ರ ಗ್ರಂಥದಲ್ಲಿಯೂ ಇಂಥ ಒಬ್ಬ ವಿಧವೆ ಇದ್ದಾಳೆ. ಅವಳ ಹೆಸರು ಯೂದಿತ್. ಅವಳ ಗಂಡ ಮನಸ್ಸೆ ಜವೆಗೋಧಿಯ ಸುಗ್ಗಿಯಲ್ಲಿ ಹೊಲದಲ್ಲಿ ನಿಂತು ಕೆಲಸ ಮಾಡಿಸುವಾಗ ಬಿಸಿಲು ಬಡಿದು ಸತ್ತ. ನಮ್ಮ ಕಡೆಯ ರೈತರಿಗೆ ಈ ಸಾವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶತ್ರು ಸೇನಾಪತಿ ಹೊಲೊಫೆರ್ನೆಸ್ ಬೆತೂಲಿಯ ಊರಿನ ನೀರಿನ ಸೆಲೆಗಳನ್ನು ಹಿಡಿದುಕೊಂಡ. ಮೂವತ್ತನಾಲ್ಕು ದಿನ ಕಳೆಯಿತು. ತೊಟ್ಟಿಗಳು ಬತ್ತಿದವು, ಮಕ್ಕಳು ಬಾಯಾರಿ ಬಿದ್ದರು. ಊರಿನ ಹಿರಿಯ ಉಜ್ಜೀಯ, ಇನ್ನೈದು ದಿನ ನೋಡೋಣ, ದೇವರು ಸಹಾಯ ಮಾಡದಿದ್ದರೆ ಊರನ್ನು ಒಪ್ಪಿಸಿಬಿಡೋಣ ಎಂದು ಜನರಿಗೆ ಮಾತು ಕೊಟ್ಟ. ಯೂದಿತ್ ಹಿರಿಯರನ್ನು ತನ್ನ ಮನೆಗೆ ಕರೆಸಿ, ದೇವರಿಗೇ ಗಡುವು ಹಾಕಲು ನೀವು ಯಾರು ಎಂದು ಕೇಳಿದಳು.

ಅದಕ್ಕೆ ಉಜ್ಜೀಯ ಹೇಳಿದ್ದನ್ನು ಕೇಳಿರಿ. ನೀನು ಹೇಳುವುದೆಲ್ಲ ಸರಿ, ನೀನು ಚಿಕ್ಕಂದಿನಿಂದಲೂ ಬುದ್ಧಿವಂತೆ ಎಂದು ಹೊಗಳಿದ. ಆಮೇಲೆ, ನೀನು ಭಕ್ತಿವಂತೆ, ಮಳೆ ಬರಲೆಂದು ಪ್ರಾರ್ಥನೆ ಮಾಡು ಎಂದ!

ಸಹೋದರರೇ, ನಾವೂ ಹಾಗೆಯೇ ಅಲ್ಲವೇ? ನಮ್ಮ ಹೆಣ್ಣುಮಕ್ಕಳ ಭಕ್ತಿಯನ್ನು ಹೊಗಳುತ್ತೇವೆ. ದೇವಾಲಯದಲ್ಲಿ ಕಸ ಗುಡಿಸುವವರು, ಹೂವು ಏರಿಸುವವರು, ಪ್ರಾರ್ಥನೆ ನಡೆಸುವವರು ಅವರೇ. ಆದರೆ ಮನೆಯ ತೀರ್ಮಾನದ ಮಾತು ಬಂದಾಗ, “ನೀನು ಒಳಗ ಹೋಗವ್ವಾ, ಪ್ರಾರ್ಥನಾ ಮಾಡು” ಎನ್ನುತ್ತೇವೆ. ಯೂದಿತ್ ಪ್ರಾರ್ಥನೆಯನ್ನೂ ಮಾಡಿದಳು, ತೀರ್ಮಾನವನ್ನೂ ಮಾಡಿದಳು. ಅವಳ ಕಥೆಯಲ್ಲಿ ರಕ್ತ ಹರಿಯುತ್ತದೆ, ನಿಜ. ಧರ್ಮಸಭೆ ಅದನ್ನು ಕೊಲ್ಲುವುದನ್ನು ಕಲಿಸಲೆಂದು ಉಳಿಸಿಕೊಂಡಿಲ್ಲ. ಹಿರಿಯರು ಸೋತು ಕುಳಿತಾಗ ದೇವರು ಒಬ್ಬ ವಿಧವೆಯ ಬುದ್ಧಿಯನ್ನು ಬಳಸಿಕೊಂಡರೆಂದು ತಿಳಿಸಲು ಉಳಿಸಿಕೊಂಡಿದೆ. ಕಥೆಯ ಕೊನೆಯ ಸಂಗತಿ ಇನ್ನೂ ಚೆಂದ: ಸಾಯುವ ಮುನ್ನ ಯೂದಿತ್ ತನ್ನ ದಾಸಿಗೆ ಬಿಡುಗಡೆ ಕೊಟ್ಟಳು. ತನ್ನ ಆಸ್ತಿಯನ್ನು ಗಂಡನ ಕಡೆಯವರಿಗೂ ತವರಿನವರಿಗೂ ತಾನೇ ಹಂಚಿದಳು.

ನಾನು ಕೇಳದೆ ಬಿಟ್ಟ ಮಾತು

ಬೇರೆಯವರ ತಪ್ಪನ್ನು ಎತ್ತಿ ಆಡುವ ಮುಂಚೆ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಇದು ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ ನಡೆದದ್ದು.

ಅಲ್ಲಿಯ ಶಾಲೆಯ ವಾರ್ಷಿಕೋತ್ಸವದಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಚೆನ್ನಮ್ಮನ ಪಾತ್ರ ಹಾಕಿದ್ದಳು. ತಾಯಿಯ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು. ಥ್ಯಾಕರೆಯಾಗಿದ್ದ ಹುಡುಗ ನಿಜವಾಗಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ಇಡೀ ಊರು ಚಪ್ಪಾಳೆ ತಟ್ಟಿತು. ಬಹುಮಾನ ಕೊಟ್ಟವನು ನಾನೇ.

ಒಂಬತ್ತು ವರ್ಷದ ಮೇಲೆ ಅದೇ ಹುಡುಗಿ ಮದುವೆಗೆ ಮುಂಚಿನ ವಿಚಾರಣೆಗೆಂದು ನನ್ನ ಮುಂದೆ ಕುಳಿತಳು. ಜೊತೆಗೆ ತಂದೆ, ಸೋದರಮಾವ, ಗಂಡಿನ ಕಡೆಯ ಇಬ್ಬರು. ಈ ಮದುವೆಗೆ ನಿನ್ನ ಒಪ್ಪಿಗೆ ಇದೆಯೇ ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ. ಸೋದರಮಾವ, “ಆಕೀನ್ನೇನ್ ಕೇಳ್ತೀರಿ ಫಾದರ್, ನಾವು ಹೇಳಿದಂಗ ಕೇಳೂ ಹುಡುಗಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಫಾರ್ಮಿನಲ್ಲಿ ‘ಹೌದು’ ಎಂದು ನಾನೇ ಬರೆದೆ. ಅವಳು ಸಹಿ ಹಾಕಿದಳು.

ಅವಳೊಬ್ಬಳನ್ನೇ ಕೂಡಿಸಿಕೊಂಡು ಕೇಳಬೇಕೆಂದು ನನಗೆ ಗೊತ್ತಿತ್ತು. ಧರ್ಮಸಭೆ ಅದನ್ನೇ ಹೇಳುತ್ತದೆ. ಆದರೆ ಹೊತ್ತಾಗಿತ್ತು. ಹೊರಗೆ ಬಾಡಿಗೆ ಜೀಪು ಕಾಯುತ್ತಿತ್ತು. ಒಳ್ಳೆಯ ಮನೆತನ, ಒಳ್ಳೆಯ ಜನ ಎಂದು ಸಮಾಧಾನ ಮಾಡಿಕೊಂಡೆ.

ಎರಡು ವರ್ಷ ತುಂಬುವ ಮುಂಚೆ ಅವಳು ಕಂಕುಳಲ್ಲಿ ಕೂಸು ಎತ್ತಿಕೊಂಡು ತವರಿಗೆ ಮರಳಿದಳು. ಅಲ್ಲಿ ಅವಳು ಅನುಭವಿಸಿದ್ದನ್ನು ನಾನಿಲ್ಲಿ ಬರೆಯಲಾರೆ. ಒಂದು ದಿನ ಬಲಿಪೂಜೆ ಮುಗಿದ ಮೇಲೆ ಅವಳನ್ನು ಕಂಡು, “ಆ ದಿನ ಯಾಕೆ ಹೇಳಲಿಲ್ಲ, ಮಗಳೇ?” ಎಂದು ಕೇಳಿದೆ. ಅವಳು ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದಳು: “ಒಬ್ಬಾಕಿನ್ನ ಕರದು ಕೇಳಿದ್ರ ಹೇಳತಿದ್ನಿರಿ, ಫಾದರ್.”

ಆ ಮಾತು ನನ್ನ ಜೊತೆಗೇ ಇದೆ. ಪಾಪನಿವೇದನೆಯಲ್ಲಿ ಅದನ್ನು ಹೇಳಿಕೊಂಡಿದ್ದೇನೆ. ದೇವರು ಕ್ಷಮಿಸಿದ್ದಾರೆಂದು ನಂಬುತ್ತೇನೆ. ಆದರೆ ಅವಳ ಆ ಎರಡು ವರ್ಷಗಳನ್ನು ನಾನು ಮರಳಿ ಕೊಡಲಾರೆ. ರಟ್ಟಿನ ಕತ್ತಿ ಹಿಡಿದಾಗ ಚಪ್ಪಾಳೆ ತಟ್ಟಿದ ನಾವೆಲ್ಲರೂ, ಅವಳು ನಿಜವಾಗಿ ಬಾಯಿ ತೆರೆಯಬೇಕಾದ ದಿನ ಅವಳ ಬಾಯಿ ಮುಚ್ಚಿದೆವು.

ಮಲಪ್ರಭೆಯ ದಂಡೆಯಲ್ಲಿ

ಸಾಲಹಳ್ಳಿ ಇರುವ ರಾಮದುರ್ಗ ತಾಲೂಕಿನಲ್ಲಿಯೇ ಸುರೇಬಾನ ಇದೆ. ಕಿತ್ತೂರು ಬಿದ್ದು ಮೂವತ್ತನಾಲ್ಕು ವರ್ಷಗಳ ಮೇಲೆ ಅಲ್ಲಿ ಇನ್ನೊಂದು ಸಂಗತಿ ನಡೆಯಿತು. ನರಗುಂದದ ಅರಸ ಬಾಬಾಸಾಹೇಬನಿಗೆ ಗಂಡು ಸಂತಾನವಿರಲಿಲ್ಲ. ದತ್ತು ತೆಗೆದುಕೊಳ್ಳಲು ಸರಕಾರ ಅವನಿಗೂ ಒಪ್ಪಿಗೆ ಕೊಡಲಿಲ್ಲ. 1858ರ ಮೇ 29ರ ರಾತ್ರಿ ಅವನ ಕಡೆಯವರು ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಕೊಂದರು. ರಾಮದುರ್ಗದ ಅರಸ ಬಾಬಾಸಾಹೇಬನ ಮಲಸೋದರ. ಅವನು ಇಂಗ್ಲಿಷರ ಪಕ್ಷದಲ್ಲಿಯೇ ಉಳಿದ. ಒಂದೇ ಮನೆತನ, ಒಂದೇ ರಕ್ತ, ಎರಡು ಪಕ್ಷ. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು.

ಅವನ ತಾಯಿ ಮತ್ತು ಹೆಂಡತಿಯ ದೇಹಗಳು ಮಲಪ್ರಭಾ ನದಿಯಲ್ಲಿ ಸಿಕ್ಕವು.

ಬಾಬಾಸಾಹೇಬನ ಧೈರ್ಯವನ್ನು ನಾವು ನೆನೆಯುತ್ತೇವೆ, ನೆನೆಯಬೇಕು ಕೂಡ. ಆದರೆ ಅಣ್ಣ ತಮ್ಮಂದಿರು ಪಕ್ಷ ಕಟ್ಟುವಾಗ ಒಳಮನೆಯಲ್ಲಿದ್ದ ಆ ಅತ್ತೆ ಸೊಸೆಯರನ್ನು ಯಾರು ಕೇಳಿದರು? ಗಂಡಸರು ಹೊತ್ತಿಸಿದ ಬೆಂಕಿಯಲ್ಲಿ ಮೊದಲು ಬೇಯುವವರು ಒಳಗಿರುವ ಹೆಂಗಸರು. ಅವರಿಗಾಗಿ ಚಿತ್ರಗಳು ಬರುವುದು ಅಪರೂಪ.

ಇಂದು ಕೋಟೆಗಳಿಲ್ಲ, ಆದರೆ ಬಾವಿಗಳಿವೆ, ನದಿಯಿದೆ, ಹೊಲಕ್ಕೆ ಹೊಡೆಯುವ ಔಷಧವಿದೆ. ಅಣ್ಣ ತಮ್ಮಂದಿರು ಹೊಲದ ಬದುವಿಗಾಗಿ ಕೋರ್ಟು ಹತ್ತಿದ ಮನೆಯಲ್ಲಿ, ಕುಡಿತ ಹೊಕ್ಕ ಮನೆಯಲ್ಲಿ ಒಳಗಿನ ಯುದ್ಧ ದಿನವೂ ನಡೆಯುತ್ತದೆ. ದಾರಿ ಕಾಣದೆ ಜೀವ ಕಳೆದುಕೊಂಡವರನ್ನು ಧರ್ಮಸಭೆ ತೀರ್ಪಿಗೆ ಎಳೆಯುವುದಿಲ್ಲ. ದೇವರ ದಯೆಗೆ ಒಪ್ಪಿಸಿ ಅವರಿಗಾಗಿ ಪ್ರಾರ್ಥಿಸುತ್ತದೆ. ಬದುಕಿರುವ ಸಹೋದರಿಗೆ ನಾನು ಹೇಳುವುದು ಇಷ್ಟು: ತಾಯೀ, ಹೊತ್ತು ಗೊತ್ತು ನೋಡಬೇಡ. ಗುರುಮನೆಯ ಬಾಗಿಲು ಬಡಿ, ಸಿಸ್ಟರ್‌ಗಳ ಬಾಗಿಲು ಬಡಿ. ಸರಕಾರದ ಮಹಿಳಾ ಸಹಾಯವಾಣಿ 181, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಈ ಎರಡು ಅಂಕಿಗಳನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಕೇಳುವ ದೇವರು

ಈಗ ನಮ್ಮ ಮೊದಲ ರಹಸ್ಯಕ್ಕೆ ಮರಳೋಣ.

ಲೋಕದ ರಕ್ಷಣೆಯ ವಿಷಯ. ಇದಕ್ಕಿಂತ ದೊಡ್ಡ ಕಾರ್ಯ ಯಾವುದಿದೆ? ದೇವರು ಸರ್ವಶಕ್ತರು. ಅಪ್ಪಣೆ ಮಾಡಿದ್ದರೆ ಸಾಕಿತ್ತು. ಆದರೂ ನಜರೇತಿನ ಒಬ್ಬ ಬಡ ಹುಡುಗಿಯ ಬಳಿಗೆ ದೂತನನ್ನು ಕಳುಹಿಸಿದರು. ಊರ ಹಿರಿಯರ ಬಳಿಗಲ್ಲ, ತಂದೆಯ ಬಳಿಗಲ್ಲ. ನಿಶ್ಚಯವಾಗಿದ್ದ ಜೋಸೆಫರ ಬಳಿಗೂ ಮೊದಲು ಹೋಗಲಿಲ್ಲ; ಜೋಸೆಫರಿಗೆ ಕನಸು ಬಿದ್ದದ್ದು ಆಮೇಲೆ.

ಮರಿಯಮ್ಮನವರು ಕೂಡಲೇ ತಲೆಯಾಡಿಸಲಿಲ್ಲ. ಇದು ಹೇಗಾದೀತು ಎಂದು ತಿರುಗಿ ಕೇಳಿದರು. ದೇವದೂತ ಗದರಿಸಲಿಲ್ಲ. ಹೆಣ್ಣುಹುಡುಗಿಗೆ ಇಷ್ಟೊಂದು ಮಾತೇಕೆ ಎನ್ನಲಿಲ್ಲ. ಬಿಡಿಸಿ ಹೇಳಿದ. ಹೇಳಿದ ಮೇಲೆ ಉತ್ತರಕ್ಕಾಗಿ ನಿಂತ. ಆ ಹುಡುಗಿಯ ಒಂದು ಮಾತಿಗಾಗಿ ಇಡೀ ಲೋಕ, ಸ್ವರ್ಗ ಸಹ ಉಸಿರು ಬಿಗಿಹಿಡಿದು ಕಾಯುತ್ತಿತ್ತೆಂದು 12ನೆಯ ಶತಮಾನದಲ್ಲಿ ಸಂತ ಬರ್ನಾರ್ಡರು ಬೋಧಿಸಿದರು. ಮರಿಯಮ್ಮನವರು ತಮ್ಮ ಬಾಯಿಂದಲೇ ಒಪ್ಪಿಗೆ ಕೊಟ್ಟರು. ಆಮೇಲೆಯೇ ದೂತ ಹೊರಟುಹೋದ.

ದೇವರೇ ಕೇಳಿ, ಕಾದು, ಒಪ್ಪಿಗೆ ಪಡೆದ ಮೇಲೆ ಕೇಳದೆ ತೀರ್ಮಾನಿಸಲು ನಾವು ಯಾರು?

ಅದಕ್ಕಾಗಿಯೇ ವಿವಾಹ ಸಂಸ್ಕಾರದಲ್ಲಿ ಧರ್ಮಸಭೆ ಒಪ್ಪಿಗೆಗೆ ಅಷ್ಟೊಂದು ಮಹತ್ವ ಕೊಟ್ಟಿದೆ. ಮದುವೆ ಮಾಡಿಸುವವರು ಗುರುಗಳೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಮ್ಮ ಲತೀನ್ ಧರ್ಮಸಭೆಯ ಬೋಧನೆಯಂತೆ ಗಂಡು ಹೆಣ್ಣುಗಳೇ ಆ ಸಂಸ್ಕಾರವನ್ನು ಪರಸ್ಪರ ಕೊಟ್ಟುಕೊಳ್ಳುವವರು. ಗುರು ಧರ್ಮಸಭೆಯ ಪರವಾಗಿ ಆ ಒಪ್ಪಿಗೆಯನ್ನು ಕೇಳಿ ಸ್ವೀಕರಿಸುವ ಸಾಕ್ಷಿ. 1983ರ ಧರ್ಮಸಭಾ ಕಾನೂನಿನ 1057ನೆಯ ವಿಧಿಯ ಪ್ರಕಾರ ಮದುವೆಯನ್ನು ಮದುವೆಯಾಗಿಸುವುದು ಅವರಿಬ್ಬರ ಒಪ್ಪಿಗೆ. ಆ ಒಪ್ಪಿಗೆಯನ್ನು ಅವರ ಬದಲಿಗೆ ಕೊಡುವ ಅಧಿಕಾರ ಯಾವ ಮನುಷ್ಯನಿಗೂ ಇಲ್ಲ. ತಂದೆಗಿಲ್ಲ, ಸೋದರಮಾವನಿಗಿಲ್ಲ, ಗುರುವಿಗೂ ಇಲ್ಲ. 1103ನೆಯ ವಿಧಿಯ ಪ್ರಕಾರ ಬಲಾತ್ಕಾರಕ್ಕೆ ಅಥವಾ ಭಾರಿ ಭಯಕ್ಕೆ ಒಳಗಾಗಿ, ಬಿಡಿಸಿಕೊಳ್ಳುವ ದಾರಿಯಿಲ್ಲದೆ ಆದ ಮದುವೆ ಮದುವೆಯೇ ಅಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆಧುನಿಕ ಜಗತ್ತನ್ನು ಕುರಿತ ತನ್ನ ದಸ್ತಾವೇಜಿನಲ್ಲಿ, ಹೆಣ್ಣಿಗೆ ಗಂಡನನ್ನು ಸ್ವತಂತ್ರವಾಗಿ ಆರಿಸಿಕೊಳ್ಳುವ ಹಕ್ಕನ್ನು ನಿರಾಕರಿಸುವುದನ್ನು ದೇವರ ಚಿತ್ತಕ್ಕೆ ವಿರುದ್ಧವಾದ ಅನ್ಯಾಯಗಳ ಸಾಲಿನಲ್ಲಿ ಸೇರಿಸಿತು.

ಮೌನವೇ ಸಮ್ಮತಿ ಎಂಬ ಗಾದೆ ನಮ್ಮಲ್ಲಿದೆ. ಪೀಠದ ಮುಂದೆ ಆ ಗಾದೆ ನಡೆಯುವುದಿಲ್ಲ. ಅಲ್ಲಿ ಬಾಯಿಬಿಟ್ಟು ಹೇಳಬೇಕು. ಪೀಠದ ಮುಂದೆ ನಡೆಯದ ಗಾದೆ ಮನೆಯ ಪಡಸಾಲೆಯಲ್ಲಿ ಏಕೆ ನಡೆಯಬೇಕು?

ಹಿರಿಯರ ಸಂಕಟ

ಇಷ್ಟು ಹೇಳಿದರೆ ತಂದೆಯಂದಿರು ಕೇಳುವ ಪ್ರಶ್ನೆ ನನಗೆ ಗೊತ್ತು. “ಹಂಗಾದ್ರ ಹಿರಿಯರು ಯಾಕ ಬೇಕ್ರಿ, ಫಾದರ್? ತಂದೆ ತಾಯಿಗೆ ಗೌರವ ಕೊಡು ಅಂತ ದೇವರ ಕಟ್ಟಳಿ ಇಲ್ಲೇನು?”

ಇದೆ. ನಾಲ್ಕನೆಯ ಕಟ್ಟಳೆಯನ್ನು ಯಾರೂ ಅಳಿಸಿಲ್ಲ. ಮನೆತನ ನೋಡುವುದು, ಹುಡುಗನ ನಡತೆ ವಿಚಾರಿಸುವುದು, ಕುಡಿತವಿದೆಯೇ ಸಾಲವಿದೆಯೇ ಎಂದು ಊರಲ್ಲಿ ಕೇಳಿ ತಿಳಿಯುವುದು ಹಿರಿಯರ ಪ್ರೀತಿಯ ಕೆಲಸ. ಮಕ್ಕಳು ಆ ಮಾತಿಗೆ ಕಿವಿಗೊಡಬೇಕು. ಸಿನಿಮಾ ನೋಡಿ ಎರಡು ದಿನದ ಮೋಹಕ್ಕೆ ಮನೆ ಬಿಟ್ಟು ಹೋಗುವುದು ಸ್ವಾತಂತ್ರ್ಯವಲ್ಲವೆಂದು ಯುವಜನರಿಗೂ ಹೇಳುತ್ತೇನೆ. ಆದರೆ ಬುದ್ಧಿ ಹೇಳುವುದು ಬೇರೆ, ಬದಲಿಗೆ ಉತ್ತರ ಕೊಡುವುದು ಬೇರೆ. ಪ್ರೇಷಿತ ಪೌಲರ ಪತ್ರವನ್ನು ಹಿಡಿದು, ಹೆಂಡತಿ ಗಂಡನಿಗೆ ಅಧೀನಳು ಎಂದು ವಾದಿಸುವವರು ಅದಕ್ಕೆ ಮುಂಚಿನ ವಾಕ್ಯವನ್ನು ಓದುವುದಿಲ್ಲ. ಅಲ್ಲಿ ಪೌಲರು ಕ್ರಿಸ್ತನ ಮೇಲಿನ ಗೌರವದಿಂದ ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಬೇಕೆಂದು ಹೇಳುತ್ತಾರೆ. ಎರಡನೆಯ ಜಾನ್ ಪಾಲರು 1988ರಲ್ಲಿ ಸ್ತ್ರೀಯರ ಘನತೆಯನ್ನು ಕುರಿತು ಬರೆದ ಪತ್ರದಲ್ಲಿ ಈ ಅಧೀನತೆ ಒಬ್ಬರ ಪಾಲಿನದಲ್ಲ, ಇಬ್ಬರದೂ ಎಂದು ಸ್ಪಷ್ಟಪಡಿಸಿದರು.

ಇನ್ನೊಂದು ಮಾತು. ಅಜ್ಜಿ ಗಂಡಿನ ವಿಷಯವನ್ನಷ್ಟೇ ಹೇಳಲಿಲ್ಲ, ಹೊಲದ ವಿಷಯವನ್ನೂ ಹೇಳಿದರು. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾನೂನಿನಂತೆ, ಗಂಡ ಉಯಿಲು ಬರೆಯದೆ ತೀರಿಕೊಂಡರೆ ಮಕ್ಕಳಿರುವ ವಿಧವೆಗೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮ ಪಾಲು. ಇದು ಎಷ್ಟು ತಾಯಂದಿರಿಗೆ ಗೊತ್ತು? ಸಬ್‌ರಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ, “ಇಲ್ಲೊಂದು ಸಹಿ ಮಾಡವ್ವಾ” ಎನ್ನುತ್ತಾರೆ. ಯಾವುದಕ್ಕೆ ಸಹಿ ಎಂದು ಹೇಳುವುದಿಲ್ಲ. ಕಿತ್ತೂರಿನ ಖಜಾನೆಗೆ ಥ್ಯಾಕರೆ ಹಾಕಿದ ಮೊಹರಿಗೆ ನಮಗೆ ಸಿಟ್ಟು ಬರುತ್ತದೆ. ನಮ್ಮ ತಂಗಿಯ ಪಾಲಿಗೆ ನಾವೇ ಹಾಕಿದ ಮೊಹರಿಗೆ?

ಮೂರು ಕೆಲಸಗಳು

ಕೇಳಿ ಮರೆಯುವ ಬೋಧನೆಯಿಂದ ಪ್ರಯೋಜನವಿಲ್ಲ. ಆದುದರಿಂದ ಮೂರು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು ತಂದೆ ತಾಯಿಯರಿಗೆ. ಮಗಳಿಗೆ ಹದಿನೆಂಟು ತುಂಬುವ ಮುಂಚೆ ಮದುವೆಯ ಮಾತೇ ಬೇಡ. ಅದು ಕಾನೂನಿನ ಪ್ರಕಾರ ಅಪರಾಧ. ಅಂಥ ಮದುವೆ ನಡೆಯುವುದು ಗೊತ್ತಾದರೆ 1098ಕ್ಕೆ ತಿಳಿಸಿರಿ. ವಯಸ್ಸಿಗೆ ಬಂದ ಮಗಳನ್ನು ನಾಲ್ಕು ಜನರ ಮುಂದೆ ಕೇಳಬೇಡಿ. ತಾಯಿ ಒಬ್ಬಳೇ, ರೊಟ್ಟಿ ಬಡಿಯುವಾಗಲೋ ಹೊಲಕ್ಕೆ ಹೋಗುವ ದಾರಿಯಲ್ಲೋ, ಮೆಲ್ಲಗೆ ಕೇಳಲಿ. ನೀವು ಹೇಳಿದಂತೆ ಎಂದರೆ ಅದನ್ನು ಉತ್ತರವೆಂದು ಒಪ್ಪಬೇಡಿ. ವಾರ ಬಿಟ್ಟು ಮತ್ತೊಮ್ಮೆ ಕೇಳಿರಿ. ಬೇಡವೆಂದರೆ ಮನೆಯ ಮಾನ ಹೋಗುವುದಿಲ್ಲವೆಂದು ಮೊದಲೇ ಹೇಳಿರಿ. ಇಲ್ಲ ಎನ್ನಲು ದಾರಿಯಿಲ್ಲದವಳ ಹೌದಿಗೆ ಬೆಲೆಯಿಲ್ಲ.

ಎರಡನೆಯದು ಗಂಡಂದಿರಿಗೆ. ಈ ವಾರ ಮನೆಯಲ್ಲಿ ಒಂದು ತೀರ್ಮಾನ ಇದ್ದೇ ಇರುತ್ತದೆ: ಸಂಘದಿಂದ ಸಾಲ ತೆಗೆಯುವುದೋ, ಎಮ್ಮೆ ಮಾರುವುದೋ, ಮಗಳನ್ನು ಕಾಲೇಜಿಗೆ ಕಳುಹಿಸುವುದೋ. ತೀರ್ಮಾನಿಸುವ ಮುಂಚೆ ಹೆಂಡತಿಯನ್ನು ಕೇಳಿರಿ. ಕೇಳಿ ಸುಮ್ಮನಿರಿ. ಉತ್ತರ ಬರುವವರೆಗೆ ಕಾಯಿರಿ. ಗಬ್ರಿಯೇಲ ದೂತ ಕಾಯಲಿಲ್ಲವೇ?

ಮೂರನೆಯದು ನನ್ನಂಥ ಗುರುಗಳಿಗೆ. ಜೀಪು ಎಷ್ಟು ಹೊತ್ತಾದರೂ ಕಾಯಲಿ. ಹುಡುಗಿಯನ್ನೂ ಹುಡುಗನನ್ನೂ ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು ಕೇಳೋಣ. ಗಂಡುಹುಡುಗರನ್ನೂ ಹಿರಿಯರ ಹಟಕ್ಕೆ ಕಟ್ಟಿಹಾಕುವುದುಂಟು. ಹುಡುಗಿಯ ಉತ್ತರ ನನಗೆ ಕೇಳಿಸದಿದ್ದರೆ ಫಾರ್ಮಿನಲ್ಲಿ ನನ್ನ ಕೈ ‘ಹೌದು’ ಎಂದು ಬರೆಯದಿರಲಿ.

ಆ ಸಂಜೆ ಸಾಲಹಳ್ಳಿಯಲ್ಲಿ ಜಪಮಾಲೆ ಮುಗಿದ ಮೇಲೆ ಚಹಾ ಕೊಟ್ಟರು. ಮನೆಯ ಮೊಮ್ಮಗಳು, ಪಿ.ಯು.ಸಿ. ಓದುವವಳು, ಬಸಿ ತಂದು ಮುಂದೆ ಇಟ್ಟಳು. ಅಜ್ಜಿ ಅವಳ ಕೈಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡು, “ನೀ ಮುಂದ ಏನ್ ಮಾಡಾಕಿ, ಹೇಳವ್ವಾ ಫಾದರ್‌ಗೆ” ಎಂದರು. ಹುಡುಗಿ ನಾಚಿ ತಂದೆಯ ಕಡೆ ನೋಡಿದಳು. ತಂದೆ ಬಾಯಿ ತೆರೆದ. ಅಜ್ಜಿ ಕೈ ಅಡ್ಡ ಹಿಡಿದರು: “ನಿನ್ನ ಕೇಳಿಲ್ಲಪಾ. ಆಕಿನ್ನ ಕೇಳೀನಿ.”

ಹುಡುಗಿ ಹೇಳಿದಳು. ಏನು ಹೇಳಿದಳೆಂಬುದು ಅವಳ ವಿಷಯ. ಅವಳು ಹೇಳುವವರೆಗೆ ನಾವೆಲ್ಲ ಚಹಾ ಆರುತ್ತಿದ್ದರೂ ಕಾದೆವು.

ಪ್ರಾರ್ಥಿಸೋಣ: ದಯಾಮಯ ತಂದೆಯೇ, ನಿಮ್ಮ ಮಗನನ್ನು ಲೋಕಕ್ಕೆ ಕಳುಹಿಸುವ ಮುನ್ನ ಒಬ್ಬ ಹೆಣ್ಣುಮಗಳ ಒಪ್ಪಿಗೆಯನ್ನು ಕೇಳಿದಿರಿ. ನಮ್ಮ ಮನೆಗಳಲ್ಲಿ ಕೇಳುವ ಕಿವಿಯನ್ನೂ ಕಾಯುವ ತಾಳ್ಮೆಯನ್ನೂ ನಮಗೆ ಕೊಡಿರಿ. ಯಾರೂ ಕೇಳದೆ ಬಿಟ್ಟ ನಮ್ಮ ತಾಯಂದಿರ ನೋವನ್ನು ನೀವೇ ಕೇಳಿರಿ. ಅವರ ಬಾಯಿ ಮುಚ್ಚಿದ ನಮ್ಮನ್ನು ಕ್ಷಮಿಸಿರಿ. ಮರಿಯಮ್ಮನವರೇ, ಜಪಮಾಲೆಯ ತಾಯಿಯೇ, ನಮ್ಮ ಹೆಣ್ಣುಮಕ್ಕಳಿಗೆ ನಿಮ್ಮಂತೆ ಪ್ರಶ್ನೆ ಕೇಳುವ ಧೈರ್ಯವನ್ನೂ ನಿಮ್ಮಂತೆ ತಮ್ಮ ಬಾಯಿಂದಲೇ ಉತ್ತರಿಸುವ ಬಲವನ್ನೂ ಬೇಡಿಕೊಡಿರಿ. ಆಮೆನ್.